‘ಪಿಚ್’ ನಮೂದು ಕೊನೆಗೂ ಹದಕ್ಕೆ ಬಂತು

ಹಲವು ಕ್ಷೇತ್ರಗಳ ಪದಗಳಿಗೆ ಅರ್ಥ ಕೊಡುವ ನನ್ನ ಬಹುಕ್ಷೇತ್ರ ಪದಕೋಶದಲ್ಲಿ ಬಹುಕಾಲದಿಂದ ಕಾಡುತ್ತಿದ್ದ, ಕ್ಷೇತ್ರಕ್ಕೊಂದು ಅರ್ಥವಿರುವ ಇಂಗ್ಲಿಷ್ ಪದ ‘ಪಿಚ್’ನ ನಮೂದು ಈಗ ಬಹುತೇಕ ಸರಿಯಾಗಿ ವಿಂಗಡಣೆಯಾಗಿದೆ. ಕೋಷ್ಟಕ ಹಾಕುವುದು, ಅಕಾರಾದಿಯಾಗಿ ಜೋಡಿಸುವುದು ಪದಕೋಶ ಕಟ್ಟುವ ಹವ್ಯಾಸದವರಿಗೆಲ್ಲ ಗೊತ್ತಿರುವುದರಿಂದ ನೇರವಾಗಿ ತೊಡಕಿಗೇ ಬರುತ್ತೇನೆ.

ಹಡಗಿನ ಹಲಗೆಗಳ ಸಂದಿಗೆ ತುಂಬುತ್ತಿದ್ದ ಕಪ್ಪು ಅಂಟಿನ ಪಿಚ್ ಲ್ಯಾಟಿನ್ನಿನ ‘ಪಿಕ್ಸ್’ ಮೂಲದ್ದು. ಉಳಿದವು ನೆಡು, ಎಸೆ ಎಂಬರ್ಥದ ಬೇರೊಂದು ಕ್ರಿಯಾಪದದ ಸಂತತಿ. ಆದ್ದರಿಂದ ಮುಖ್ಯಪದಗಳು ಎರಡು. 1927ರಲ್ಲಿ ಥಾಮಸ್ ಪಾರ್ನೆಲ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ಈ ಅಂಟಿನ ಒಂದು ಹನಿ ಬೀಳಲು ವರ್ಷಗಳೇ ಹಿಡಿಯುವ ಪ್ರಯೋಗವನ್ನು ಮೊದಲನೆಯದರ ಕೆಳಗೆ ಸಂತೋಷದಿಂದ ಸೇರಿಸಿದೆ.

ಹಠ ಹಿಡಿದದ್ದು ಎರಡನೆಯದು. ‘ಕ್ರೀಡೆ’ ಎಂಬ ಒಂದೇ ಕ್ಷೇತ್ರಸೂಚಿಯಡಿ ಕ್ರಿಕೆಟ್ಟಿನ 22 ಗಜದ ನೆಲವೂ ಬೇಸ್‌ಬಾಲ್‌ನ ಎಸೆತವೂ ಬಂದು ಕೂರುತ್ತಿದ್ದವು. ‘ವಿಮಾನಯಾನ’ದಡಿ ಮೂತಿಯ ಏರಿಳಿತದ ಕೋನವೂ ಪ್ರೊಪೆಲರ್ ಒಂದು ಸುತ್ತಿಗೆ ಮುನ್ನಡೆಯುವ ದೂರವೂ ಬೆರೆತುಹೋಗುತ್ತಿದ್ದವು. ಹಣ ಕೊಟ್ಟು ತರಿಸಿದ ಪದಪಟ್ಟಿಯಿಂದ ಸಹಾಯವಾಗಲಿಲ್ಲ. ಅದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿದ್ದು, ಪರಿವರ್ತಿಸಿದಾಗ ಅರ್ಕಾವತ್ತುಗಳೆಲ್ಲ ಸ್ಥಾನ ತಪ್ಪಿದ್ದವು. ಪ್ರತಿ ನಮೂದಿನಲ್ಲೂ ‘ಅರ್ಥ’ ಎಂಬ ಪದವೇ ಕೆಟ್ಟಿರುವ ಪದಪಟ್ಟಿಯನ್ನು ಮಾರುವ ಮುನ್ನ ಒಮ್ಮೆಯಾದರೂ ತೆರೆದು ನೋಡಬೇಕಿತ್ತು.

ಕ್ಷೇತ್ರದ ಜೊತೆಗೆ ‘ಬಗೆ’ ಎಂಬ ಕಾಲಂ ಸೇರಿಸಿ, ಸ್ಥಳ, ಕ್ರಿಯೆ, ಅಳತೆ, ಗುಣ ಎಂದು ಗುರುತಿಸಿದಾಗ ಗಂಟು ಬಹುಮಟ್ಟಿಗೆ ಸಡಿಲವಾಯಿತು. ಸಂಗೀತದ ಪಿಚ್, ಅಂದರೆ ಸ್ಥಾಯಿ, ಕಿವಿಗೆ ತೋರುವ ಗುಣವಾದ್ದರಿಂದ ಅದನ್ನು ಅಳತೆಯೆನ್ನದೆ, 440 ಹರ್ಟ್ಸ್‌ನಂಥ ಆವರ್ತನವನ್ನು ಅದರ ಟಿಪ್ಪಣಿಯಾಗಿ ಇರಿಸಿದ್ದೇನೆ. ಆದರೂ ಸ್ಕ್ರೂ ಮಣಿಯಲಿಲ್ಲ. 6 ಮಿಲಿಮೀಟರ್ ವ್ಯಾಸದ ಎಂ6 ಬೋಲ್ಟಿನ ಸಾಮಾನ್ಯ ಥ್ರೆಡ್‌ನಲ್ಲಿ (ಸುರುಳಿ ಎಳೆಯಲ್ಲಿ) ಪಿಚ್ ಎಂದರೆ ಅಕ್ಕಪಕ್ಕದ ಎಳೆಗಳ ನಡುವಿನ 1 ಮಿಲಿಮೀಟರ್. ಎರಡು ಸ್ಟಾರ್ಟ್‌ನ, ಅಂದರೆ ಎರಡು ಎಳೆಗಳು ಜೊತೆಯಾಗಿ ಸುತ್ತಿರುವ ಸ್ಕ್ರೂ ಒಂದು ಸುತ್ತಿಗೆ ಪಿಚ್‌ನ ಇಮ್ಮಡಿ ಸಾಗುತ್ತದೆ, ಆ ದೂರವನ್ನು ಲೀಡ್ ಎನ್ನುತ್ತಾರೆ. ಪ್ರೊಪೆಲರ್‌ನಲ್ಲಾದರೋ ಸುತ್ತಿನ ಮುನ್ನಡೆಯೇ ಪಿಚ್. ಎರಡೂ ಅಳತೆ, ಎರಡೂ ದೂರ, ಆದರೂ ಬೇರೆ! ‘ಎಲ್ಲಿಂದ ಎಲ್ಲಿಗೆ’ ಎಂಬ ಮತ್ತೊಂದು ಕಾಲಂ ತೆರೆದ ಮೇಲೆಯೇ ಇವು ಬೇರ್ಪಟ್ಟವು. ಅಳತೆಯ ಪದಗಳಿಗೆಲ್ಲ ಈ ಕಾಲಂ ಕಡ್ಡಾಯವೆಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಮುಂದಿನ ಪದ ‘ಮೋಲ್’ ಆಗಲಿದೆ: ನೆಲ ಕೊರೆಯುವ ಪ್ರಾಣಿ, ಚರ್ಮದ ಮಚ್ಚೆ, ಬಂದರಿನ ಅಲೆತಡೆ, ಒಳಗೇ ಇರುವ ಗೂಢಚಾರ, ಜೊತೆಗೆ 2019ರಿಂದ 6.02214076×10²³ ಕಣಗಳೆಂದು ನಿಗದಿಯಾಗಿರುವ ರಸಾಯನಶಾಸ್ತ್ರದ ಏಕಮಾನ. ಅದಕ್ಕೂ ಮೊದಲು ಛಾವಣಿಯ ಪಿಚ್ ಬಾಕಿಯಿದೆ. ಅದನ್ನು ಕೋನವಾಗಿಯೂ ಏರಿಕೆ ಮತ್ತು ಅಡ್ಡಳತೆಗಳ ಅನುಪಾತವಾಗಿಯೂ ಹೇಳುವುದರಿಂದ, ಒಂದೇ ನಮೂದು ಎರಡು ಬಗೆಯ ಅಂಕಿಗಳನ್ನು ಸ್ವೀಕರಿಸುವಂತೆ ಕೋಷ್ಟಕವನ್ನು ತಿದ್ದುತ್ತಿದ್ದೇನೆ.