ಮಕ್ಕಳು ರೆಡಿ, ವಾಚ್ ಹಿಡಿಯೋರು ಬೇಕು

12 ಅಕ್ಟೋಬರ್ 2025, ಭಾನುವಾರ

ನಮ್ಮ ಈಜು ಕ್ಲಬ್ಬಿನ ಮೊದಲ ಟೈಮ್ ಟ್ರಯಲ್ ಇವತ್ತು ಮುಗಿಯಿತು. ಮಕ್ಕಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಏಳಕ್ಕೆ ಬನ್ನಿ ಅಂದರೆ ಆರೂವರೆಗೇ ಗೇಟಿನ ಹತ್ತಿರ ಟವೆಲ್ ಹೊದ್ದುಕೊಂಡು ನಿಂತಿದ್ದರು. ಚಿಂತೆ ಇದ್ದದ್ದು ದೊಡ್ಡವರದ್ದು. ಸ್ಟಾಪ್‌ವಾಚ್ ಹಿಡಿಯೋಕೆ ಆರು ಜನ ಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೆ. ಹೆಬ್ಬೆರಳು ಒತ್ತಿದವರು ಬೇಕಾದಷ್ಟು ಜನ, ಬಂದವರು ನಾಲ್ಕೇ. ಪಿಟಿ ಮಾಸ್ಟರ್ ಖಂಡಿತ ಬರ್ತೀನಿ ಅಂದಿದ್ದರು, ಪಾಪ, ಅವರನ್ನು ಸರ್ಕಾರದ ಜಾತಿ ಸಮೀಕ್ಷೆ ಹಿಡಿದುಕೊಂಡಿದೆ. ಅದು ಮುಗಿದಿಲ್ಲ ಅಂತ ದಸರಾ ರಜೆಯನ್ನು 18ರವರೆಗೂ ಎಳೆದಿದ್ದಾರಲ್ಲ. ಮಕ್ಕಳಿಗೆ ಹಬ್ಬ, ಮೇಷ್ಟ್ರುಗಳಿಗೆ ಮನೆ ಮನೆ ಅಲೆದಾಟ. ಕೊನೆಗೆ ಜೀಪ್ ಡ್ರೈವರ್ ಒಬ್ಬರನ್ನೂ, ತಮ್ಮನನ್ನು ಬಿಡೋಕೆ ಬಂದಿದ್ದ ಕಾಲೇಜು ಹುಡುಗಿಯನ್ನೂ ಹಿಡಿದು ನಿಲ್ಲಿಸಿದೆ.

ಆರೇ ಯಾಕೆ ಅಂದರೆ, ಕೈಯಲ್ಲಿ ಟೈಮ್ ತೆಗೆಯುವಾಗ ಒಂದು ಲೇನಿಗೆ ಮೂರು ವಾಚ್ ಇರಬೇಕು. ಎರಡು ಒಂದೇ ತೋರಿಸಿದರೆ ಅದೇ ಟೈಮ್. ಮೂರೂ ಬೇರೆ ಬೇರೆಯಾದರೆ ನಡುವಿನದ್ದು. ನಮ್ಮ ಕೊಳದಲ್ಲಿ ಐದು ಲೇನ್ ಇವೆ, ಲೆಕ್ಕದ ಪ್ರಕಾರ ಹದಿನೈದು ಜನ ಬೇಕು. ಹದಿನೈದು ಜನರನ್ನು ಭಾನುವಾರ ಬೆಳಿಗ್ಗೆ ಒಂದು ಕಡೆ ಸೇರಿಸೋದು ನಮ್ಮೂರಲ್ಲಿ ಮದುವೆಗೆ ಮಾತ್ರ ಸಾಧ್ಯ. ಹಾಗಾಗಿ ಒಂದು ಸಲಕ್ಕೆ ಇಬ್ಬರನ್ನೇ ಬಿಟ್ಟೆವು.

ವಾಚ್ ಒತ್ತೋದರಲ್ಲಿ ಏನಿದೆ ಅನ್ನಿಸುತ್ತೆ ಅಲ್ವಾ? ನಿಂತು ನೋಡಬೇಕು. ಅಪ್ಪಂದಿರ ಕಣ್ಣೆಲ್ಲ ತಮ್ಮ ಮಗನ ಮೇಲೆ. ಅವನು ಮುಟ್ಟಿದ ಕೂಡಲೇ ಮೊದಲು ಚಪ್ಪಾಳೆ, ಆಮೇಲೆ ಗುಂಡಿ. ಅದಕ್ಕೇ ಶುರುವಿನಲ್ಲೇ ಒಂದು ಕಾನೂನು ಮಾಡಿದೆ: ಯಾರೂ ತಮ್ಮ ಮಗುವಿನ ಲೇನಿಗೆ ನಿಲ್ಲುವ ಹಾಗಿಲ್ಲ. ಎರಡನೆಯದು, ಕೊನೇ ಮೀಟರ್‌ಗಳಲ್ಲಿ ಅಂಚಿಗೇ ಹೋಗಿ ಬಗ್ಗಿ ಗೋಡೆ ನೋಡಬೇಕು, ಕಾಲು ಒದ್ದೆಯಾದರೆ ಆಗಲಿ. ಮೂರನೆಯದು ಚಿಕ್ಕವರ 25 ಮೀಟರ್‌ಗೆ. ಆಗ ನಾನು ಈ ತುದಿಯಲ್ಲಿ ಸೀಟಿ ಊದುತ್ತೇನೆ, ವಾಚಿನವರು ಆ ತುದಿಯಲ್ಲಿ. ಶಬ್ದ ಅಷ್ಟು ದೂರ ಹೋಗೋಕೇ ಸುಮಾರು 0.07 ಸೆಕೆಂಡ್ ಬೇಕು. ಸೀಟಿ ಕೇಳಿ ಒತ್ತಿದರೆ ಅಷ್ಟು ಹೊತ್ತನ್ನು ಮಗುವಿಗೆ ಪುಕ್ಕಟೆ ಕೊಟ್ಟ ಹಾಗೆ. ಸೀಟಿ ಜೊತೆಗೇ ನನ್ನ ಕೈ ಕೆಳಗೆ ಬೀಳೋದನ್ನು ನೋಡಿ ಒತ್ತಬೇಕು.

ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ರೈಟರ್ ಅಂಕಲ್. ಎಸ್ಟೇಟಿನಲ್ಲಿ ಇಡೀ ಜೀವನ ಹಾಜರಿ ಪುಸ್ತಕ ಬರೆದವರು, ಈಗ ರಿಟೈರ್ಡ್. ಮೊಮ್ಮಗಳು ನಮ್ಮಲ್ಲಿ ಈಜುತ್ತಾಳೆ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕನ್ನಡಕ ಮೂಗಿನ ತುದಿಗೆ ತಂದು, ತೋರುಬೆರಳಲ್ಲಿ ವಾಚ್ ಒತ್ತುತ್ತಿದ್ದರು. ಪಕ್ಕದವರು "ನಲವತ್ತೆಂಟು ಚಿಲ್ಲರೆ" ಅಂದರೆ ಇವರು "ಚಿಲ್ಲರೆ ಎಷ್ಟು, ಅದನ್ನ ಹೇಳಿ" ಅಂತ ಜೋರು ಮಾಡೋರು. ಚಿಲ್ಲರೆಯೇ ಮುಖ್ಯ ಅನ್ನೋದು ನಾನು ಹೇಳದೇನೇ ಅವರಿಗೆ ಗೊತ್ತಿತ್ತು. ಕೂಲಿ ಲೆಕ್ಕ ಬರೆದ ಕೈ ಅಲ್ವಾ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ನಾನು ಮದುವೆಯಾಗಿ ಈ ಕಾಫಿ ಊರಿಗೆ ಬಂದವಳು. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ಪರವಾಗಿ ಈಜಿದ್ದೆ, ಈಗ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತೇನೆ. ಊರಾಚೆಯ ಒಂದು ಶಾಲೆಯಲ್ಲಿ ಒಳ್ಳೆಯ ಕೊಳವಿದೆ. 25 ಮೀಟರ್ ಉದ್ದ, ಹನ್ನೆರಡೂವರೆ ಅಗಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ ನಡೆಯುತ್ತೆ, ಮಕ್ಕಳು ತುಂಬಿ ತುಳುಕುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯುತ್ತೆ, ಎಲ್ಲ ಖಾಲಿ. ಮುಂದಿನ ಏಪ್ರಿಲ್‌ಗೆ ಅದೇ ಮಕ್ಕಳು ಮತ್ತೆ ಕಾಲು ಬಡಿಯೋದರಿಂದ ಶುರು ಮಾಡುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿತ್ತು. ಮಳೆಯಲ್ಲೂ ಚಳಿಯಲ್ಲೂ ಮಗು ನೀರಿಗೆ ಇಳಿಯಬೇಕಾದರೆ ಅದಕ್ಕೊಂದು ಕಾರಣ ಬೇಕು. "ಆರೋಗ್ಯಕ್ಕೆ ಒಳ್ಳೇದು" ಅನ್ನೋದು ಮಕ್ಕಳ ಕಿವಿಗೆ ಬೀಳೋದೇ ಇಲ್ಲ. "ಹೋದ ತಿಂಗಳಿಗಿಂತ ಎರಡು ಸೆಕೆಂಡ್ ಬೇಗ" ಅಂದರೆ ಬೀಳುತ್ತೆ. ಸ್ಪರ್ಧೆಯ ಕ್ಲಬ್ ಬೇಕು ಅಂತ ನಾನು ಹಟ ಹಿಡಿದದ್ದು ಅದಕ್ಕೇ, ಪದಕಕ್ಕಲ್ಲ.

ಆದರೆ ಊರವರ ಮೊದಲ ಪ್ರಶ್ನೆ ಪದಕದ್ದೇ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ ಹೋಗಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ನನ್ನ ಮಗಳಿಗೀಗ ಹನ್ನೊಂದು, ಮೂರು ವರ್ಷ ಇದೆ ಅಂತ ಒಬ್ಬರು ಲೆಕ್ಕ ಹಾಕಿಕೊಂಡೇ ಬಂದಿದ್ದರು. ಬೆಂಗಳೂರಿನ ದೊಡ್ಡ ಕ್ಲಬ್ಬುಗಳ ಮಕ್ಕಳು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರಿನಲ್ಲಿರುತ್ತಾರೆ. ನಮಗೆ ಸಿಗೋದು ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ. ಅದನ್ನು ಮುಚ್ಚಿಡಬಾರದು. ಹಾಗಂತ ಸಣ್ಣ ಊರಿಂದ ಆಗೋದೇ ಇಲ್ಲ ಅಂತಲೂ ಅಲ್ಲ. ಘಟ್ಟ ಇಳಿದರೆ ಪುತ್ತೂರು, ಅದೂ ತಾಲ್ಲೂಕು ಊರೇ. ಕಾರಂತರ ಬಾಲವನದ ಕೊಳದಲ್ಲಿ ಈಜಿದ ಮಕ್ಕಳು ರಾಷ್ಟ್ರ ಮಟ್ಟದವರೆಗೂ ಹೋಗಿದ್ದಾರೆ.

ಸಂಘ ನೋಂದಣಿಗೆ ಏಳು ಜನ ಸದಸ್ಯರು ಬೇಕು, 1960ರ ಕಾಯ್ದೆಯಲ್ಲೇ ಹಾಗಿದೆ. ಆರು ಜನ ಸುಲಭವಾಗಿ ಸಿಕ್ಕರು. ಖಜಾಂಚಿ ಆಗೋಕೆ ಮಾತ್ರ ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಮೆಡಿಕಲ್ ಶಾಪಿನವರನ್ನು ಒಪ್ಪಿಸಿದ್ದಾಯಿತು. ಅದರ ಕಥೆ ಇನ್ನೊಂದು ದಿನ.

ನೀರಿನ ವಿಷಯ ಮಾತ್ರ ಬರೆಯಲೇಬೇಕು, ಯಾಕೆಂದರೆ ಕ್ಲಬ್ ಮಾಡ್ತೀವಿ ಅನ್ನೋರು ಯಾರೂ ಇದನ್ನು ಮೊದಲು ಯೋಚಿಸೋದಿಲ್ಲ. ನಮ್ಮ ಕೊಳದ ಸರಾಸರಿ ಆಳ ಒಂದೂವರೆ ಮೀಟರ್. ಅಂದರೆ ಹತ್ತಿರ ಹತ್ತಿರ ನಾಲ್ಕು ಲಕ್ಷದ ಎಪ್ಪತ್ತು ಸಾವಿರ ಲೀಟರ್ ನೀರು. ಅದರಲ್ಲಿ ಕ್ಲೋರಿನ್ ಒಂದೇ ಒಂದು ಪಿಪಿಎಂ, ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ, ಏರಬೇಕಾದರೆ ಸುಮಾರು ಒಂದೂವರೆ ಕೆಜಿ ಬ್ಲೀಚಿಂಗ್ ಪೌಡರ್ ಬೇಕು. ಅದೂ ಹೊಸ ಪೌಡರ್. ಹಳೇ ಮೂಟೆಯಾದರೆ ಗುಣ ಹೋಗಿರುತ್ತೆ, ಬರೀ ಸುಣ್ಣ ಸುರಿದ ಹಾಗೆ. ಬೆಳಿಗ್ಗೆ ಹಾಕಿದರೆ ಬಿಸಿಲೇ ತಿಂದುಹಾಕುತ್ತೆ, ಅದಕ್ಕೆ ಸಂಜೆ ಮಕ್ಕಳು ಹೋದ ಮೇಲೆ ಹಾಕಬೇಕು. ಕೊಳ ನೋಡಿಕೊಳ್ಳುವ ಅಣ್ಣ ಮೊದಲೆಲ್ಲ ಮೂಗಿನಲ್ಲೇ ಅಂದಾಜು ಮಾಡುತ್ತಿದ್ದರು. ವಾಸನೆ ಬಂದರೆ ಜಾಸ್ತಿ, ಬರದಿದ್ದರೆ ಕಮ್ಮಿ. ನಿಜವಾಗಿ ಉಲ್ಟಾ. ಬೆವರು, ಉಚ್ಚೆ ಸೇರಿ ಕ್ಲೋರಿನ್ ಕೆಟ್ಟಾಗಲೇ ಆ ಗಾಟು ಜಾಸ್ತಿ. ಈಗ ಅವರ ಕೈಯಲ್ಲಿ ಪುಟ್ಟ ಟೆಸ್ಟ್ ಕಿಟ್ ಇದೆ. ಎರಡು ಕೊಳವೆ, ಕ್ಲೋರಿನ್ನಿನದರಲ್ಲಿ ಹಳದಿ, ನೀರಿನ ಹುಳಿ–ಕ್ಷಾರ ತೋರಿಸೋ ಪಿಎಚ್‌ನದರಲ್ಲಿ ಕೆಂಪು. ದಿನಾ ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುತ್ತಾರೆ. ರಾಹುಕಾಲದ ಪಕ್ಕದಲ್ಲೇ ಪಿಎಚ್ 7.4, ಕ್ಲೋರಿನ್ 1.5.

ಮಿಕ್ಕ ಸಾಮಾನೆಲ್ಲ ನಾವೇ ಹೊಂದಿಸಿಕೊಂಡದ್ದು. ಲೇನ್ ಹಗ್ಗಕ್ಕೆ ಮಂಗಳೂರಿನ ದಕ್ಕೆಯಿಂದ ಮೀನಿನ ಬಲೆಗೆ ಕಟ್ಟುವ ಬೆಂಡು ತರಿಸಿ ನೈಲಾನ್ ಹಗ್ಗಕ್ಕೆ ಪೋಣಿಸಿದೆವು. ಅಂಗಡಿಯ ಲೇನ್ ಹಗ್ಗದ ಹಾಗೆ ಅಲೆ ತಡೆಯೋಲ್ಲ, ಆದರೆ ಮಕ್ಕಳು ಒಬ್ಬರ ಮೇಲೊಬ್ಬರು ಹತ್ತೋದು ನಿಂತಿತು. ಬ್ಯಾಕ್‌ಸ್ಟ್ರೋಕ್ ಈಜೋರಿಗೆ ಗೋಡೆ ಕಾಣೋದಿಲ್ಲ, ಅದಕ್ಕೆ ಗೋಡೆಯಿಂದ ಐದು ಮೀಟರ್ ಈಚೆಗೆ ನೀರಿನ ಮೇಲೆ ಅಡ್ಡಲಾಗಿ ಬಾವುಟದ ಸಾಲು ಕಟ್ಟಬೇಕು. ಹೋದ ವರ್ಷ ರಾಜ್ಯೋತ್ಸವಕ್ಕೆ ಕಟ್ಟಿದ್ದ ಹಳದಿ–ಕೆಂಪು ಬಾವುಟಗಳು ಸಿಕ್ಕವು. ಬಾವುಟ ಕಂಡ ಮೇಲೆ ಎಷ್ಟು ಕೈ ಬೀಸಿದರೆ ಗೋಡೆ ಅಂತ ಒಬ್ಬೊಬ್ಬರಿಗೂ ಒಂದೊಂದು ಲೆಕ್ಕ. ಕೆಲವರಿಗೆ ನಾಲ್ಕು, ಚಿಕ್ಕವರಿಗೆ ಏಳು. ಇವತ್ತು ಒಬ್ಬ ಗಾಬರಿಯಲ್ಲಿ ಎಣಿಸೋದೇ ಮರೆತು ತಲೆಗೆ ಟಣ್ ಅಂತ ಹೊಡೆಸಿಕೊಂಡ. ಬುಗುಟೆ ಬಂದಿದೆ, ಬೇರೇನಿಲ್ಲ. ಅಜ್ಜಿಯಿಂದ ಫೋನ್ ಬಂತು ನನಗೆ.

ಡೈವ್ ಹೊಡೆಯೋದು ಆಳದ ಕಡೆಯಿಂದ ಮಾತ್ರ. ಸ್ಟಾರ್ಟಿಂಗ್ ಬ್ಲಾಕ್ ಇಡೋ ಕಡೆ ಕನಿಷ್ಠ 1.35 ಮೀಟರ್ ಆಳ ಇರಬೇಕು ಅಂತ ನಿಯಮ. ನಮ್ಮ ಕೊಳದ ಆಳವಿಲ್ಲದ ತುದಿ ಬರೀ ಮೂರೂವರೆ ಅಡಿ. ಎರಡೂ ಕಡೆ ಹಾರಿಸಿದರೆ ಬೇಗ ಮುಗಿಯುತ್ತೆ ಮೇಡಂ ಅಂತ ಒಬ್ಬ ತಂದೆ ಪಟ್ಟು ಹಿಡಿದರು. ಬೇಗ ಮುಗಿಯೋದೇನೋ ನಿಜ, ಮಗುವಿನ ಕುತ್ತಿಗೆ. ಮುಖಕ್ಕೆ ಹಾಗೇ ಹೇಳಿದೆ. ಬೇಜಾರಾಯಿತು ಅವರಿಗೆ, ಆಗಲಿ.

ಹುಡುಗಿಯರನ್ನು ಉಳಿಸಿಕೊಳ್ಳೋದೇ ದೊಡ್ಡ ಕೆಲಸ. "ಬಿಸಿಲಿಗೆ ಕಪ್ಪಾಗಿಬಿಡ್ತಾಳೆ, ಕೂದಲು ಉದುರುತ್ತೆ ಅಂತ ನಮ್ಮತ್ತೆ ಬೈತಾರೆ ಮೇಡಂ" ಅನ್ನೋ ಮಾತು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಕ್ಲೋರಿನ್‌ಗೆ ಕೂದಲು ಒರಟಾಗೋದು ನಿಜವೇ. ಇಳಿಯೋ ಮುಂಚೆ ಒಳ್ಳೇ ನೀರಲ್ಲಿ ತಲೆ ನೆನೆಸಿ ಟೋಪಿ ಹಾಕಿದರೆ ಎಷ್ಟೋ ವಾಸಿ. ಕಪ್ಪಾಗೋದಕ್ಕೆ ನನ್ನ ಹತ್ತಿರ ಮದ್ದಿಲ್ಲ, ಕಪ್ಪಾದರೆ ಏನೀಗ ಅಂತ ಅತ್ತೆಯ ಎದುರಿಗೆ ಹೇಳೋ ಧೈರ್ಯವೂ ಇಲ್ಲ. ಬಟ್ಟೆಯ ವಿಷಯಕ್ಕೆ ಮಾತ್ರ ನಿಯಮವೇ ನಮ್ಮ ಕೈ ಹಿಡಿಯಿತು. ಸ್ಪರ್ಧೆಯಲ್ಲೂ ಹುಡುಗಿಯರ ಕಾಸ್ಟ್ಯೂಮ್ ಹೆಗಲಿಂದ ಮಂಡಿಯವರೆಗೆ ಇರಬಹುದು. ಅಂಥದ್ದನ್ನು ತಂದು ಅಮ್ಮಂದಿರ ಮುಂದೆ ಇಟ್ಟೆ. ಜೊತೆಗೆ, ಚಿಲಕ ಗಟ್ಟಿಯಾಗಿರುವ ಬಟ್ಟೆ ಬದಲಿಸುವ ಕೋಣೆ ಬೇಕು ಅಂತ ಶಾಲೆಯವರ ಹಿಂದೆ ಬಿದ್ದೆ. ಮೂವರು ಹುಡುಗಿಯರು ವಾಪಸ್ ಬಂದದ್ದು ಆ ಚಿಲಕದಿಂದಲೇ.

ಇವತ್ತಿನ ಗಲಾಟೆಯೂ ಹುಡುಗಿಯೊಬ್ಬಳದ್ದೇ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೇ ಮುಟ್ಟಬೇಕು. ರೈಟರ್ ಅಂಕಲ್ ಮೊಮ್ಮಗಳು ಚೆನ್ನಾಗಿ ಮುಂದಿದ್ದಳು, ತಿರುಗುವಾಗ ಬಲಗೈ ಮಾತ್ರ ತಾಗಿಸಿ ತಿರುಗಿದಳು. ನಾನು ಕೈ ಎತ್ತಿದೆ. ಡಿಕ್ಯೂ, ಅಂದರೆ ಅನರ್ಹ. ಅವಳ ಅಮ್ಮ, "ನಮ್ನಮ್ಮಲ್ಲೇ ಇದೆಲ್ಲ ಯಾಕೆ ಮೇಡಂ? ಮಗು ಅಳ್ತಾ ಇದೆ" ಅಂದರು. ನಮ್ನಮ್ಮಲ್ಲೇ ಹೇಳದಿದ್ದರೆ ಹೊರಗೆ ಅಷ್ಟು ದೂರ ಹೋಗಿ ಹೇಳಿಸಿಕೊಳ್ಳಬೇಕಾಗುತ್ತೆ. ಆಗ ಅಳು ಇನ್ನೂ ಜಾಸ್ತಿ. ನಾನು ಉತ್ತರ ಕೊಡೋ ಮೊದಲೇ ಪಕ್ಕದ ಲೇನಿನಿಂದ ಅಂಕಲ್ ತಲೆ ಎತ್ತದೇ, "ಒಂದೇ ಕೈ, ನಾನೂ ನೋಡಿದೆ" ಅಂದುಬಿಟ್ಟರು. ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಏನು ಸಿಕ್ಕಿತೋ ಪಾಪ.

ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಹುಡುಗನ ಬಗ್ಗೆ ಎರಡು ಮಾತು. ಅವನು ಈಜು ಕಲಿತದ್ದು ಹೇಮಾವತಿಯಲ್ಲಿ, ದೊಡ್ಡ ಹುಡುಗರ ಜೊತೆ. ಹೊಳೆಯಲ್ಲಿ ಕಲಿತವರೆಲ್ಲ ತಲೆ ಎತ್ತಿಕೊಂಡೇ ಈಜುತ್ತಾರೆ. ಎದುರಿಗೆ ಬಂಡೆ ಬರುತ್ತೋ ಮರದ ದಿಮ್ಮಿ ಬರುತ್ತೋ ನೋಡಬೇಕಲ್ಲ. ತಲೆ ಮೇಲಿದ್ದರೆ ಸೊಂಟ ಕೆಳಗೆ, ನೀರೆಲ್ಲ ಎದೆಗೆ. ಕೊಳದ ತಳದಲ್ಲಿ ಕಪ್ಪು ಗೆರೆ ಇದೆ, ಅದನ್ನೇ ನೋಡು, ಇಲ್ಲಿ ಬಂಡೆ ಇಲ್ಲ ಅಂತ ಅವನಿಗೆ ಎಷ್ಟು ಹೇಳಿದರೂ ಹತ್ತು ಮೀಟರ್‌ಗೆ ತಲೆ ಮತ್ತೆ ಮೇಲೆ. ಇವತ್ತು ಹೋಗೋ 25 ಮೀಟರ್ ಪೂರ್ತಿ ಮುಖ ನೀರಿನಲ್ಲಿತ್ತು, ಬರೋವಾಗ ಹೊಳೆ. ಆದರೂ 50 ಮೀಟರ್ ಫ್ರೀಸ್ಟೈಲ್ 41.86. ಹನ್ನೊಂದು ವರ್ಷದವನಿಗೆ, ಅರ್ಧ ತಲೆ ಎತ್ತಿಕೊಂಡು! ಒಲಿಂಪಿಕ್ಸ್ ಈಜುಗಾರ ಶ್ರೀಹರಿ ನಟರಾಜ್ ಅವರ ಟೈಮ್ ಎಷ್ಟು ಅಂತ ಹುಡುಗ ಕೇಳಿದ. 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ 53.77, ಅದರಲ್ಲೇ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ಅಂದೆ. ಬೆರಳಲ್ಲಿ ಏನೋ ಲೆಕ್ಕ ಹಾಕಿ, "ಅದರ ಅರ್ಧ ಇಪ್ಪತ್ತೇಳೂ ಆಗಲ್ಲ. ಉಲ್ಟಾ ಮಲಗಿಕೊಂಡು?" ಅಂದ. ಹೌದು ಮಾರಾಯ, ಉಲ್ಟಾ ಮಲಗಿಕೊಂಡು.

ಅವನನ್ನು ಕರೆತರೋದೇ ಇನ್ನು ಕಷ್ಟ. ಮುಂದಿನ ತಿಂಗಳು ಅರೇಬಿಕಾ ಕೊಯ್ಲು ಶುರುವಾದರೆ ಅವನ ಅಪ್ಪ–ಅಮ್ಮ ಇಬ್ಬರೂ ತೋಟದಲ್ಲಿ. ತೋಟದ ಮಾಲೀಕರ ಮಕ್ಕಳ ಕಥೆಯೂ ಅಷ್ಟೇ, ಬೆಳಿಗ್ಗೆ ಜೀಪು ಆಳು ಕರೆತರೋಕೆ ಹೋಗುತ್ತೆ. ಅರೇಬಿಕಾ ಮುಗಿಯೋದರೊಳಗೆ ರೋಬಸ್ಟಾ, ಕಾಳುಮೆಣಸು, ಆಮೇಲೆ ಪರೀಕ್ಷೆ. ಡಿಸೆಂಬರ್ ಚಳಿಯ ನೀರು ಬೇರೆ. ಬೆಳಿಗ್ಗೆ ಬೇಡ, ಮಧ್ಯಾಹ್ನ ಮೂರೂವರೆಗೆ ಇಟ್ಟುಕೊಳ್ಳೋಣ ಅಂದರೆ ನಾನು ಬ್ಯಾಂಕಿನಲ್ಲಿ. ಕಾಲೇಜು ಹುಡುಗಿ, ವಾರಕ್ಕೆ ಎರಡು ದಿನ ನಾನು ನಿಲ್ತೀನಿ ಅಂದಿದ್ದಾಳೆ. ಅವಳಿಗೆ ಮೊದಲು ಜೀವರಕ್ಷಣೆಯ ತರಬೇತಿ ಕೊಡಿಸಬೇಕು, ಅದಾಗದೆ ಮಕ್ಕಳನ್ನು ಒಪ್ಪಿಸೋದಿಲ್ಲ. ಡ್ರೈವರ್ ಅಣ್ಣ, ಆಳು ಇಳಿಸಿ ವಾಪಸ್ ಬರೋವಾಗ ಲೈನ್ ಹತ್ತಿರ ಹಾರ್ನ್ ಹೊಡೀತೀನಿ, ಹುಡುಗ ರೆಡಿ ಇರಲಿ ಅಂದರು. ನಾನು ಕೇಳಿರಲೂ ಇಲ್ಲ.

ಕೊಯ್ಲಿಗೆ ಮೊದಲು ಎಲ್ಲರನ್ನೂ ಮಂಗಳೂರಿನ ಎಮ್ಮೆಕೆರೆ ಕೊಳಕ್ಕೆ ಒಂದು ಸಲ ಕರೆದುಕೊಂಡು ಹೋಗಬೇಕು. ಅದು 50 ಮೀಟರ್ ಕೊಳ. ನಮ್ಮಲ್ಲಿ ನಡುವೆ ಗೋಡೆ ಸಿಗುತ್ತೆ, ಒದ್ದು ಮುಂದೆ ಚಿಮ್ಮಬಹುದು. ಅಲ್ಲಿ 50 ಮೀಟರ್ ಅಂದರೆ ಒಂದೇ ಉಸಿರಿನ ರಸ್ತೆ, ಟೈಮ್ ಜಾಸ್ತಿಯೇ ಬರುತ್ತೆ. ಅದನ್ನು ಕೂಟದ ದಿನ ಕಂಡು ಹೆದರೋದು ಬೇಡ. ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ಅಂತ ಈಗಲೇ ಮಾತಾಗಿದೆ. ಚಾರ್ಮಾಡಿ ತಿರುವುಗಳಿಗೆ ಮುಂಚೆ ಅಷ್ಟು ದೋಸೆ ಬೇಡ ಅನ್ನೋದು ನನ್ನ ಮಾತು. ಯಾರೂ ಕೇಳಿಸಿಕೊಂಡಿಲ್ಲ.

ಟೈಮ್ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕುವ ಬಗ್ಗೆ ಸಂಜೆಯಿಂದ ಗ್ರೂಪಿನಲ್ಲಿ ಜಗಳ ನಡೀತಾ ಇದೆ. ಮೊದಲು ಬಂದವರ ಹೆಸರು ಮೇಲಿರಬೇಕು ಅನ್ನೋರು ಕೆಲವರು, ಪಟ್ಟಿಯೇ ಬೇಡ ಅನ್ನೋರು ಕೆಲವರು. ಅಕಾರಾದಿಯಲ್ಲಿ ಹೆಸರು, ಎದುರಿಗೆ ಇವತ್ತಿನ ಟೈಮ್, ಪಕ್ಕದಲ್ಲಿ ನವೆಂಬರ್‌ಗೆ ಒಂದು ಖಾಲಿ ಕಲಮು ಅಂತ ನಾನು ಹಾಕಿ ಫೋನ್ ಸೈಲೆಂಟ್ ಮಾಡಿದ್ದೇನೆ. ಬರೆಯೋ ಕೆಲಸ ರೈಟರ್ ಅಂಕಲ್‌ಗೆ. ಗೆರೆ ಹಾಕಿದ ಉದ್ದದ ಹಾಳೆ ಅವರ ಹತ್ತಿರವೇ ಇದೆಯಂತೆ.