ಕೈ ಚಾಚುವುದು ಸುಲಭ, ನಿಲ್ಲಿಸುವುದೇ ಕಷ್ಟ

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ದೊಡ್ಡಪ್ಪ ಕಾಫಿ ಲೋಟಕ್ಕೆ ಕೈ ಚಾಚಿದರು, ಲೋಟ ಉರುಳಿಬಿತ್ತು. ದೊಡ್ಡಮ್ಮ ನೆಲ ಒರೆಸಿ ಇನ್ನೊಂದು ಲೋಟ ತಂದಿಟ್ಟರು. ಅದೂ ಬಿತ್ತು. ಕೈ ಮುಕ್ಕಾಲು ದಾರಿ ಸರಿಯಾಗೇ ಹೋಗುತ್ತಿತ್ತು, ಆದರೆ ಲೋಟ ಇನ್ನು ನಾಲ್ಕು ಬೆರಳು ದೂರ ಇದೆ ಅನ್ನುವಾಗ ಅತ್ತಿತ್ತ ಓಲಾಡಿ, ಅದನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತಿತ್ತು. ಎದ್ದು ನಿಂತರೆ ತೂರಾಟ. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ, ಆದರೂ ನೋಡಲು ಬಂದ ಪಕ್ಕದ ಮನೆಯವರ ಮುಖದಲ್ಲಿ ಆ ಅನುಮಾನ ಕಾಣುತ್ತಿತ್ತು.

ಮೊದಲು ತೋರಿಸಿದ ಕಡೆ ಕೈ ಹಿಂಡಿಸಿ ನೋಡಿ, ಶಕ್ತಿ ಇದೆಯಲ್ಲ, ಲಕ್ವ ಅಲ್ಲ ಅಂತ ತಲೆಸುತ್ತಿನ ಮಾತ್ರೆ ಕೊಟ್ಟು ಕಳಿಸಿದರು. ನನಗೆ ಇವತ್ತಿಗೂ ಅದರ ಸಿಟ್ಟು ಹೋಗಿಲ್ಲ. ಕೈಕಾಲು ಬಿದ್ದುಹೋಗದೆಯೂ ಸ್ಟ್ರೋಕ್ ಆಗಬಹುದು, ಇದ್ದಕ್ಕಿದ್ದಂತೆ ನಡಿಗೆ ತಪ್ಪಿದರೆ ಅದೂ ಒಂದು ಸೂಚನೆ. ಮಾರನೇ ದಿನ ನರರೋಗದ ಡಾಕ್ಟರು ಮಾಡಿಸಿದ್ದು ಒಂದೇ ಆಟ: "ನನ್ನ ಬೆರಳು ಮುಟ್ಟಿ, ಆಮೇಲೆ ನಿಮ್ಮ ಮೂಗು ಮುಟ್ಟಿ." ಎಡಗೈ ಸಲೀಸು. ಬಲಗೈ ಮೂಗಿನ ಬದಲು ಕೆನ್ನೆಗೆ ಹೋಯಿತು. ಸ್ಕ್ಯಾನ್‌ನಲ್ಲಿ ಸೆರೆಬೆಲ್ಲಮ್‌ನ ಅಂದರೆ ಚಿಕ್ಕ ಮೆದುಳಿನ, ಬಲಭಾಗದಲ್ಲಿ ರಕ್ತ ಕಟ್ಟಿದ್ದು ಕಂಡಿತು. ದೊಡ್ಡ ಮೆದುಳಿನಲ್ಲಾದರೆ ಎಡಕ್ಕೆ ಪೆಟ್ಟು ಬಿದ್ದರೆ ಬಲಗೈ ಹೋಗುತ್ತದೆ, ಸೆರೆಬೆಲ್ಲಮ್‌ನಲ್ಲಿ ಹಾಗಲ್ಲ, ಬಲದ್ದು ಬಲಕ್ಕೇ.

ಶಾಲೆಯಲ್ಲಿ ಅನುಮಸ್ತಿಷ್ಕ ಅಂತ ಓದಿದ್ದೆವಲ್ಲ, ಅದೇ ಇದು. ತಲೆಯ ಹಿಂಭಾಗದಲ್ಲಿ, ಕೆಳಗೆ, ಮುಷ್ಟಿಯಷ್ಟು ದೊಡ್ಡದು. ಇಡೀ ಮೆದುಳಿನ ತೂಕದಲ್ಲಿ ಹತ್ತನೇ ಒಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ! ಒಂದು ಲೋಟ ಎತ್ತಲು ಇಷ್ಟು ಜನ ಯಾಕೆ ಅಂತ ನನಗೂ ಅನ್ನಿಸಿತು.

ಯಾಕೆಂದರೆ ಸುದ್ದಿ ತಡವಾಗಿ ಬರುತ್ತದೆ. ಕೈ ಎಲ್ಲಿದೆ ಅಂತ ಕಣ್ಣು ನೋಡಿ, ಅದು ಮೆದುಳಿಗೆ ತಲುಪಿ, ತಿದ್ದುಪಡಿ ಮತ್ತೆ ಕೈಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೊತ್ತು ಕಳೆದಿರುತ್ತದೆ, ಅಷ್ಟರಲ್ಲಿ ಕೈ ಎಷ್ಟೋ ಮುಂದೆ ಹೋಗಿರುತ್ತದೆ. ಬಸ್ ಡ್ರೈವರ್ ಸ್ಟಾಪ್ ಬಂದ ಮೇಲೆ ಬ್ರೇಕ್ ಒತ್ತಿದರೆ ಬಸ್ಸು ನಾಲ್ಕು ಅಂಗಡಿ ದಾಟಿ ನಿಲ್ಲುತ್ತದೆ, ಅಲ್ವಾ? ಅದಕ್ಕೇ ಕೈಗೆ ಹೋಗುವ ಆಜ್ಞೆಯ ಒಂದು ನಕಲು ಸೆರೆಬೆಲ್ಲಮ್‌ಗೂ ಹೋಗುತ್ತದೆ. ಅದನ್ನು ನೋಡಿ, ಕೈ ಈಗ ಎಲ್ಲಿರಬೇಕು, ಬ್ರೇಕ್ ಯಾವಾಗ ಬೀಳಬೇಕು ಅಂತ ಅದು ಮುಂಚೆಯೇ ಲೆಕ್ಕ ಹಾಕಿರುತ್ತದೆ.

ಇದು ಬರೀ ಊಹೆಯಲ್ಲ. 2019ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಇಲಿ ಕಾಳಿಗೆ ಕೈ ಚಾಚುವಾಗ, ಸೆರೆಬೆಲ್ಲಮ್‌ನಿಂದ ಆಜ್ಞೆ ಹೊರಡುವ ಒಂದು ಜಾಗದ ಕೋಶಗಳು ಕೈ ನಿಧಾನವಾಗುವ ಹೊತ್ತಿಗೆ ಸರಿಯಾಗಿ ಮಿಡಿಯುತ್ತಿದ್ದವು. ಕೈ ಎಷ್ಟು ಜೋರಾಗಿ ಹೋಗುತ್ತದೋ ಮಿಡಿತವೂ ಅಷ್ಟೇ ಜೋರು. ಬೆಳಕಿಗೆ ಸ್ಪಂದಿಸುವಂತೆ ಮೊದಲೇ ಮಾಡಿಟ್ಟ ಆ ಕೋಶಗಳ ಮೇಲೆ ಬೆಳಕು ಹಾಯಿಸಿ ಮಿಡಿತ ಹೆಚ್ಚಿಸಿದರೆ ಕೈ ಕಾಳಿಗಿಂತ ಮೊದಲೇ ನಿಲ್ಲುತ್ತಿತ್ತು, ತಗ್ಗಿಸಿದರೆ ದಾಟಿಹೋಗುತ್ತಿತ್ತು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡಪ್ಪನ ಲೋಟ.

ಮದ್ಯದ ಏಟು ಬೇಗ ಬೀಳುವ ಜಾಗಗಳಲ್ಲೂ ಸೆರೆಬೆಲ್ಲಮ್ ಒಂದು. ಹಾಗಾಗಿ ಪಕ್ಕದ ಮನೆಯವರದ್ದು ಪೂರ್ತಿ ತಪ್ಪಲ್ಲ ಬಿಡಿ.

ದೊಡ್ಡಪ್ಪ ನಲವತ್ತು ವರ್ಷ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿದವರು. ಊರ ಸುದ್ದಿಯೆಲ್ಲ ಮಾತಾಡುತ್ತಾ, ಕೈಯ ಕಡೆ ನೋಡದೆ. ಅಂಥವರು ಈಗ ಹೇಳುವುದು: "ಎಡಗೈ ಅದರ ಪಾಡಿಗೆ ಅದು ಹೋಗ್ತದೆ ಕಣೋ, ಬಲಗೈಗೆ ಮಾತ್ರ ಪ್ರತಿಸಲ ನಾನೇ ಹೇಳ್ಬೇಕು." ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂದೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿದ ಗಾರ್ಡನ್ ಹೋಮ್ಸ್ ಅನ್ನುವ ಡಾಕ್ಟರು 1939ರಲ್ಲಿ ಬರೆದ ಲೇಖನದಲ್ಲೂ ಒಬ್ಬ ರೋಗಿ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ಅವನದ್ದೂ ಬಲಗೈಯೇ. ಮೈ ಜುಂ ಅಂದಿತು.

ಇನ್ನೊಂದು ವಿಷಯ ನಾನೇ ಗಮನಿಸಿದ್ದು. ದೊಡ್ಡಪ್ಪ ಈಗ ಮೊದಲು ಭುಜ ಎತ್ತುತ್ತಾರೆ, ನಿಲ್ಲುತ್ತಾರೆ, ಆಮೇಲೆ ಮೊಣಕೈ ಬಿಡಿಸುತ್ತಾರೆ. ಭುಜ ಅಲುಗಿದರೆ ಮೊಣಕೈಯೂ ತಾನಾಗೇ ಬೀಸಿಕೊಳ್ಳುತ್ತದೆ. ಆ ಬೀಸನ್ನು ಮುಂಚೆಯೇ ಲೆಕ್ಕ ಹಿಡಿದು ಸರಿದೂಗಿಸುವುದೂ ಸೆರೆಬೆಲ್ಲಮ್ ಕೆಲಸ. ಆ ಲೆಕ್ಕ ತಪ್ಪಿದವರು ಒಂದೊಂದೇ ಕೀಲನ್ನು ಬೇರೆಬೇರೆಯಾಗಿ ಆಡಿಸುತ್ತಾರಂತೆ. ದೊಡ್ಡಪ್ಪನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಫಿಸಿಯೋಥೆರಪಿ ನಡೆಯುತ್ತಿದೆ, ಎಷ್ಟೋ ವಾಸಿ. ಮೆಟ್ಟುಗತ್ತಿಯನ್ನು ದೊಡ್ಡಮ್ಮ ಅಟ್ಟದ ಮೇಲೆ ಹಾಕಿದ್ದಾರೆ. ಕಾಫಿಯನ್ನು ತಳ ಅಗಲವಿರುವ ಲೋಟದಲ್ಲಿ ಅರ್ಧ ಮಾತ್ರ ಕೊಡುತ್ತಾರೆ. ಇನ್ನರ್ಧ ಎಲ್ಲಿ ಅಂತ ದೊಡ್ಡಪ್ಪ ದಿನಾ ಕೇಳುತ್ತಾರೆ.