ಪಾರ್ಕ್ ಆದ ಮೇಲೆ ಹೊಡೆದ ಕೆಂಪು ಲೈಟು

ಹಳೇ ಕಂಪ್ಯೂಟರ್ ಆಫ್ ಮಾಡೋಕೆ ಮುಂಚೆ ಹೆಡ್ ಪಾರ್ಕ್ ಮಾಡಬೇಕಾ, ಅಂದರೆ ಹಾರ್ಡ್ ಡಿಸ್ಕಿನಲ್ಲಿ ಓದಿ ಬರೆಯುವ ಹೆಡ್ಡನ್ನ ಸುರಕ್ಷಿತ ಜಾಗಕ್ಕೆ ಸರಿಸಬೇಕಾ ಅಂತ ಈಗಲೂ ಯಾರಾದರೂ ಕೇಳುತ್ತಾರೆ. ಅಟ್ಟದಿಂದ ಅಪ್ಪನ ಕಾಲದ ಪೆಟ್ಟಿಗೆ ಇಳಿಸಿದವರು, ಯಾವುದೋ ಹಳೇ ಲೆಕ್ಕ ತೆಗೆಸಬೇಕಾದವರು. ನಾನು ಮೊದಲು ಕೇಳೋದು ಒಂದೇ, ಡಿಸ್ಕ್ ಯಾವುದು? ಸೀಗೇಟ್ ಎಸ್‌ಟಿ-225 ಅಂದರೆ ಸ್ವಲ್ಪ ನೆಟ್ಟಗೆ ಕೂರುತ್ತೇನೆ. ಅದರ ಜೊತೆ ನನ್ನದೊಂದು ಹಳೇ ಬಾಕಿ ಇದೆ.

ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ನಾನು ಒಂದು ಸರ್ವೀಸ್ ಕಂಪನಿಯಲ್ಲಿ ಎಎಂಸಿ, ಅಂದರೆ ವರ್ಷದ ರಿಪೇರಿ ಗುತ್ತಿಗೆಯ ಕಾಲ್ ನೋಡುತ್ತಿದ್ದೆ. ಟೂಲ್ ಕಿಟ್ ಅಂದರೆ ಎರಡು ಸ್ಕ್ರೂಡ್ರೈವರ್, ಕಾರ್ಡ್ ಉಜ್ಜೋಕೆ ಒಂದು ರಬ್ಬರ್, ಒಂದು ಬೂಟ್ ಫ್ಲಾಪಿ. ಸ್ಪೇರ್ ಹಾರ್ಡ್ ಡಿಸ್ಕ್ ಒಂದಾದರೂ ಇಟ್ಟುಕೊಳ್ಳೋಣ ಸಾರ್ ಅಂದರೆ ಮ್ಯಾನೇಜರ್, "ಇರೋದನ್ನ ರಿಪೇರಿ ಮಾಡೋಕಲ್ವಾ ನಿಮಗೆ ಸಂಬಳ ಕೊಡೋದು?" ಅನ್ನೋರು. ಕಾಲ್‌ಗೆ ಲೇಟಾದರೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಹಾಕಿತ್ತು ಅನ್ನೋದು ಊರಿಗೆಲ್ಲ ಇದ್ದ ನೆಪ. ಅದನ್ನೂ ಅವರು ನಂಬುತ್ತಿರಲಿಲ್ಲ.

ಮಂಡಿಪೇಟೆಯಲ್ಲಿ ಒಂದು ಶೇಂಗಾ ದಲಾಲಿ ಅಂಗಡಿ ನಮ್ಮ ಎಎಂಸಿಯಲ್ಲಿತ್ತು. ಎಕ್ಸ್‌ಟಿ ಅನ್ನೋ ಹಳೇ ಮಾದರಿಯ ಮೆಷಿನ್, 20 ಎಂಬಿಯ ಅದೇ ಎಸ್‌ಟಿ-225 ಡಿಸ್ಕ್, ಡಿಬೇಸ್‌ನಲ್ಲಿ ಬರೆದ ಲೆಕ್ಕದ ಪ್ರೋಗ್ರಾಂ. ಸಾವ್ಕಾರ್ರು ಅಂಗಡಿಯನ್ನ ಎಪಿಎಂಸಿ ಯಾರ್ಡಿಗೆ ಸಾಗಿಸುವವರಿದ್ದರು. ಕಂಪ್ಯೂಟರ್ ಕೂಡ ತಕ್ಕಡಿ, ಗಾದಿ, ತಿಜೋರಿ ಜೊತೆ ಅದೇ ಟೆಂಪೋದಲ್ಲಿ. ಅದಕ್ಕೇ ನಾನು ಹಿಂದಿನ ವಾರವೇ ಹೋಗಿ ಪಾರ್ಕ್ ಪ್ರೋಗ್ರಾಂ ಹಾಕಿ ಬಂದಿದ್ದೆ.

ಪಾರ್ಕ್ ಯಾಕೆ ಬೇಕಿತ್ತು ಅಂದರೆ, ಎಸ್‌ಟಿ-225ರಲ್ಲಿ ಹೆಡ್ ಓಡಿಸೋದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್. ಕರೆಂಟ್ ಹೋದರೆ ಅದು ಎಲ್ಲಿದೆಯೋ ಅಲ್ಲೇ ನಿಂತುಬಿಡುತ್ತೆ. ತಟ್ಟೆ ತಿರುಗುವಾಗ ಹೆಡ್ಡು ತೆಳ್ಳನೆಯ ಗಾಳಿಯ ಮೇಲೆ ತೇಲುತ್ತಿರುತ್ತೆ. ತಟ್ಟೆ ನಿಂತರೆ ನೇರ ಅದರ ಮೇಲೆ ಕೂರುತ್ತೆ, ಕೆಳಗೆ ನಿಮ್ಮ ಲೆಕ್ಕ ಇದ್ದರೂ ಅಷ್ಟೇ. ಸುಮ್ನೆ ಮೇಜಿನ ಮೇಲಿದ್ದರೆ ಅದರಿಂದ ದೊಡ್ಡ ತೊಂದರೆ ಇಲ್ಲ. ಕೆಇಬಿಯವರು ಕರೆಂಟ್ ತೆಗೆಯೋಕೆ ಮುಂಚೆ ಪಾರ್ಕ್ ಅಂತ ಟೈಪ್ ಮಾಡುತ್ತಿದ್ದರಾ? ಆದರೂ ಆ ಡಿಸ್ಕುಗಳು ವರ್ಷಗಟ್ಟಲೆ ಓಡಿದವು. ಆದರೆ ಹೆಡ್ಡು ಹಾಗೆ ಕೂತಿರುವಾಗ ಪೆಟ್ಟಿಗೆಯನ್ನ ಟೆಂಪೋದಲ್ಲಿ ಕುಲುಕಿದರೆ ಅದು ಎದ್ದೆದ್ದು ಬಡಿಯುತ್ತೆ. ಪಾರ್ಕ್ ಪ್ರೋಗ್ರಾಂ ಮಾಡುವ ಕೆಲಸ ಇಷ್ಟೇ, ಲೆಕ್ಕ ಬರೆಯುವ 615 ಸಿಲಿಂಡರ್, ಅಂದರೆ ತಟ್ಟೆಯ ಮೇಲಿನ ಸುತ್ತುಗಳನ್ನ ದಾಟಿ ಒಳಗಡೆ ಏನೂ ಬರೆಯದ ಜಾಗಕ್ಕೆ ಹೆಡ್ಡನ್ನ ಒಯ್ದು ನಿಲ್ಲಿಸೋದು.

ಆಪರೇಟರ್ ಹುಡುಗಿಗೆ ಡಾಸ್ ಕಮಾಂಡ್ ಅಂದರೆ ಭಯ. ಅವಳಿಗೆ ಸುಲಭ ಆಗಲಿ ಅಂತ ಮೆನುವಿನಲ್ಲೇ 'ಬಂದ್' ಅಂತ ಒಂದು ಸಾಲು ಸೇರಿಸಿದ್ದೆ. ಅದನ್ನ ಒತ್ತಿದರೆ ಕಮಾಂಡುಗಳನ್ನ ಸಾಲಾಗಿ ಓಡಿಸುವ ಬ್ಯಾಚ್ ಫೈಲು ಫ್ಲಾಪಿಗೆ ಬ್ಯಾಕಪ್ ತೆಗೆದು, ಕೊನೆಗೆ ಪಾರ್ಕ್ ಓಡಿಸುತ್ತಿತ್ತು. ಒಳ್ಳೇ ಕೆಲಸ ಮಾಡಿದೆ ಅಂತ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ.

ಸಾಗಿಸುವ ಹಿಂದಿನ ಸಂಜೆ ಅವಳು ಫೋನ್ ಮಾಡಿದಳು. "ಸಾರ್, ಬಂದ್ ಒತ್ತಿದೆ. ಪಾರ್ಕ್ ಆಯ್ತು ಅಂತ ಬಂತು. ಆಮೇಲೆ ಕೆಂಪು ಲೈಟ್ ಒಂದ್ಸಲ ಹೊಡೀತು, ಮತ್ತೆ ಮೆನು ಬಂದೈತಿ."

"ಅದೇನಿಲ್ಲಮ್ಮ, ಆಫ್ ಮಾಡಿ" ಅಂದೆ. ಎದುರಿಗೆ ಬೆಣ್ಣೆ ದೋಸೆ ಪಾರ್ಸಲ್ ಬಿಚ್ಚಿಟ್ಟಿತ್ತು.

ಮಾರನೇ ದಿನ ಯಾರ್ಡಿನ ಹೊಸ ಅಂಗಡಿಯಲ್ಲಿ ಪೂಜೆ. ಮಾನಿಟರ್ ಹಣೆಗೆ ಕುಂಕುಮ, ಕೀಬೋರ್ಡ್ ಮೇಲೆ ಸೇವಂತಿಗೆ. ಸಾವ್ಕಾರ್ರು ಕಾಯಿ ಒಡೆದು, "ಚಾಲೂ ಮಾಡ್ರಿ" ಅಂದರು. ಮಾಡಿದೆ. ಮೆಮೊರಿ ಎಣಿಸಿತು, ಡಾಸ್ ಬಂತು, ಆಟೋಎಕ್ಸೆಕ್ ಓಡಿತು. ಮೆನು ಬರೋ ಹೊತ್ತಿಗೆ ಡಿಸ್ಕು 'ಟರ್ರ್... ಟಕ್, ಟರ್ರ್... ಟಕ್' ಅನ್ನತೊಡಗಿತು. ಸ್ಕ್ರೀನ್ ಮೇಲೆ, ಡೇಟಾ ಎರರ್ ರೀಡಿಂಗ್ ಡ್ರೈವ್ ಸಿ. ಅಬಾರ್ಟ್, ರಿಟ್ರೈ, ಫೇಲ್?

ಆರ್ ಒತ್ತಿದೆ. ಮತ್ತೆ ಟರ್ರ್, ಟಕ್. ಮತ್ತೆ ಆರ್.

ಸುತ್ತ ಹಮಾಲರು, ಪಟ್ಟಿಗೆ ಕಾದು ನಿಂತ ರೈತರು, ಮಂಗಳಾರತಿ ತಟ್ಟೆ ಹಿಡಿದ ಅಯ್ಯನವರು. ನನಗೆ ಬೆವರು. ಟೆಂಪೋದಲ್ಲಿ ಕಂಟ್ರೋಲರ್ ಕಾರ್ಡ್ ಸಡಿಲ ಆಗಿರಬೇಕು ಅಂತ ಮುಚ್ಚಳ ತೆಗೆದೆ. ಕಾರ್ಡ್ ಎಳೆದು, ರಬ್ಬರ್‌ನಿಂದ ಉಜ್ಜಿ, ಒತ್ತಿ ಕೂರಿಸಿದೆ. ಎರಡೂ ಕೇಬಲ್ ಕಿತ್ತು ಹಾಕಿದೆ. ಈಗ ಯೋಚಿಸಿದರೆ ನಗು ಬರುತ್ತೆ. ಡಾಸ್ ಆ ಡಿಸ್ಕಿನಿಂದಲೇ ಬೂಟ್ ಆಗಿತ್ತಲ್ಲ! ಕಾರ್ಡು, ಕೇಬಲ್ಲು ಸರಿ ಇಲ್ಲದಿದ್ದರೆ ಅಲ್ಲಿಗೇ ಬರುತ್ತಿರಲಿಲ್ಲ. ಜನ ನೋಡುತ್ತಿರುವಾಗ ಕೈ ಮೊದಲು ಹೋಗೋದು ಸ್ಕ್ರೂಡ್ರೈವರ್‌ಗೆ. ಕೂಡಿಸಿ ಆನ್ ಮಾಡಿದರೆ ಮತ್ತೆ ಅದೇ ಸದ್ದು. ಗಾಯ ಆದ ಜಾಗದ ಮೇಲೆ ಆರ್ ಒತ್ತೊತ್ತಿ ಹೆಡ್ ಓಡಿಸಿದ್ದು ಬೇರೆ.

"ಏನ್ರೀ, ನಿಮ್ ಪೆಟ್ಟಿಗೆ ಇವತ್ತು ಏಳತೈತೋ ಇಲ್ಲೋ?" ಅಂದರು ಸಾವ್ಕಾರ್ರು.

ಆಗ ಆಪರೇಟರ್ ಹುಡುಗಿ ಮೆಲ್ಲಗೆ, "ಸಾರ್, ನಿನ್ನೆ ಲೈಟ್ ಹೊಡೀತು ಅಂದ್ನಲ್ಲ..." ಅಂದಳು.

ಅಲ್ಲಿಗೆ ತಲೆ ಓಡಿತು. ಪಾರ್ಕ್ ಆಗಿದ್ದು ನಿಜ. ಆದರೆ ಆ ಪ್ರೋಗ್ರಾಂ ಮೆಷಿನ್‌ನ ಅಲ್ಲೇ ನಿಲ್ಲಿಸುವಂಥದ್ದಲ್ಲ, ಕೆಲಸ ಮುಗಿಸಿ ಡಾಸ್‌ಗೆ ವಾಪಸ್ ಬರುವಂಥದ್ದು. ಬಂದ ತಕ್ಷಣ ಬ್ಯಾಚ್ ಫೈಲು ಮುಂದಿನ ಸಾಲಿಗೆ ಹೋಗಿ ಮೆನು ಕರೆಯಿತು. ಮೆನು ಇರೋದು ಡಿಸ್ಕಿನಲ್ಲಿ. ಡಿಸ್ಕು ಓದುವಾಗ ಹತ್ತೋದೇ ಆ ಕೆಂಪು ಲೈಟು. ಅದನ್ನ ಓದೋಕೆ ಹೆಡ್ಡು ಒಳಗಿನಿಂದ ಎದ್ದು ಬಂದು, ಸರಿಯಾಗಿ ಮೆನು ಫೈಲಿನ ಮೇಲೆ ನಿಂತಿತು. ಆಮೇಲೆ ನಾನು ಆಫ್ ಮಾಡಿ ಅಂದೆ. ಮಂಡಿಪೇಟೆಯಿಂದ ಯಾರ್ಡಿನ ತನಕ ಅದು ಅಲ್ಲೇ ಬಡಿದುಕೊಂಡು ಬಂದಿದೆ.

ಡಿಸ್ಕಿಗೆ ಹೆಡ್ಡು ನಾಲ್ಕು, ಟ್ರ್ಯಾಕಿಗೆ 17 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಅಂದರೆ ಒಂದು ಸಿಲಿಂಡರ್‌ಗೆ 34 ಕೆಬಿ. ಹೋಗಿದ್ದು ಅಷ್ಟರ ಆಸುಪಾಸಿನಲ್ಲೇ ಅಂತ ಲೆಕ್ಕ ಹಾಕಿದ ಮೇಲೆ ಉಸಿರು ಬಂತು. ಫ್ಲಾಪಿಯಿಂದ ಬೂಟ್ ಮಾಡಿ, ಮೊದಲು ಲೆಕ್ಕ ಇರುವ ಡಿಬಿಎಫ್ ಫೈಲುಗಳನ್ನ ಒಂದೊಂದಾಗಿ ಹೊರಗೆ ತೆಗೆದೆ. ಎಲ್ಲಾ ಬಂದವು. ಮೆನು ಜೊತೆ ಪಕ್ಕದ ಒಂದು ಇಂಡೆಕ್ಸ್ ಫೈಲು ಹೋಗಿತ್ತು. ಇಂಡೆಕ್ಸ್ ಹೋದರೆ ಹೋಗಲಿ, ಡಿಬೇಸ್‌ನಲ್ಲಿ ಮತ್ತೆ ಕಟ್ಟಿಕೊಳ್ಳಬಹುದು. ಮೆನು ನಮ್ಮ ಆಫೀಸಿನ ಫ್ಲಾಪಿಯಲ್ಲಿತ್ತು. ಅವತ್ತಿನ ಪಟ್ಟಿಯೆಲ್ಲ ಗುಮಾಸ್ತರು ಕೈಯಲ್ಲೇ ಬರೆದರು, ನನ್ನ ಕಡೆ ನೋಡಿಕೊಂಡೇ ಬರೆದರು.

ಈಗ ಅದೇ ಪ್ರಶ್ನೆ ಕೇಳುವವರಿಗೆ ನಾನು ಹೇಳೋದು ಹೀಗೆ. ಸ್ಟೆಪ್ಪರ್ ಡಿಸ್ಕ್ ಇದ್ದು, ಅದು ತಾನಾಗೇ ಪಾರ್ಕ್ ಆಗುವ ಮಾಡೆಲ್ ಅಲ್ಲದಿದ್ದರೆ, ಪೆಟ್ಟಿಗೆ ಅಲ್ಲಾಡಿಸುವ ಮುಂಚೆ ಪಾರ್ಕ್ ಮಾಡಲೇಬೇಕು. ದಿನಾ ಮಾಡಿದರೆ ಒಳ್ಳೇದು, ಮರೆತರೆ ಪ್ರಳಯ ಆಗಲ್ಲ. ಪಾರ್ಕ್ ಆದ ಮೇಲೆ ಫೈಲಿನ ಪಟ್ಟಿ ನೋಡೋ ಒಂದು ಡೈರ್ ಕಮಾಂಡ್ ಕೂಡ ಹೊಡೀಬೇಡಿ, ಸೀದಾ ಸ್ವಿಚ್. ಲೈಟು ಹೊಡೆದರೆ ಮತ್ತೆ ಮೊದಲಿಂದ. ಎಲ್ಲಕ್ಕಿಂತ ಮುಂಚೆ ಬ್ಯಾಕಪ್, ಮತ್ತು ಆ ಫ್ಲಾಪಿ ಟೆಂಪೋದಲ್ಲಿ ಬೇಡ, ಜೇಬಿನಲ್ಲಿ.

ಆಮೇಲೆ ಬಂದ, ಕಂಟ್ರೋಲರ್ ತನ್ನಲ್ಲೇ ಇರುವ ಐಡಿಇ ಡಿಸ್ಕುಗಳಿಗೆ ಸಾಮಾನ್ಯವಾಗಿ ಇದ್ಯಾವುದೂ ಬೇಕಿಲ್ಲ. ಅವುಗಳಲ್ಲಿ ಬಹುಪಾಲು ಹೆಡ್ ಓಡಿಸೋದು ಸ್ಟೆಪ್ಪರ್ ಅಲ್ಲ, ವಾಯ್ಸ್ ಕಾಯಿಲ್ ಅನ್ನೋ ತಂತಿ ಸುರುಳಿ. ಕರೆಂಟ್ ಹೋದರೂ ತಟ್ಟೆ ಇನ್ನೂ ತಿರುಗುತ್ತಿರುತ್ತಲ್ಲ, ಆ ತಿರುಗಾಟದಿಂದ ಹುಟ್ಟುವ ಕರೆಂಟಿನಲ್ಲೇ ಹೆಡ್ಡು ತನ್ನ ಜಾಗಕ್ಕೆ ಹೋಗಿ ಕೂರುತ್ತೆ. ಕೆಲವದರಲ್ಲಿ ಸ್ಪ್ರಿಂಗ್ ಎಳೆಯುತ್ತೆ. ಕಂಪ್ಯೂಟರಿನ ಬಯಾಸ್ ಸೆಟಪ್‌ನಲ್ಲಿ ಎಲ್‌ಝೋನ್, ಅಂದರೆ ಹೆಡ್ಡು ಇಳಿಯುವ ಜಾಗ, ಅಂತ ಒಂದು ಕಾಲಂ ಮಾತ್ರ ಎಷ್ಟೋ ವರ್ಷ ಹಾಗೇ ಉಳಿದಿತ್ತು.

ನಮ್ಮ ಕಂಪನಿಯಲ್ಲೂ ಒಂದು ಕಾಲಂ ಉಳಿಯಿತು. ಯಾರ್ಡಿನ ಗಲಾಟೆ ಆದ ಮೇಲೆ ಮ್ಯಾನೇಜರ್ ಕಾಲ್ ಶೀಟಿನಲ್ಲಿ 'ಹೆಡ್ ಪಾರ್ಕ್: ಹೌದು / ಇಲ್ಲ' ಅಂತ ಅಚ್ಚು ಹಾಕಿಸಿದರು. ಸ್ಪೇರ್ ಡಿಸ್ಕ್ ಮಾತ್ರ ಕೊಡಲಿಲ್ಲ. 486 ಮೆಷಿನ್ ಬಂತು, ಎಲ್ಲಾ ಐಡಿಇ ಆಯ್ತು, ನಾವು ಹೌದು ಅಂತ ಟಿಕ್ ಹಾಕುತ್ತಲೇ ಇದ್ದೆವು. 1993ರಲ್ಲಿ ಡಾಸ್ 6.0 ಬಂದಾಗ ನಿಜವಾದ ತೊಂದರೆ ಬೇರೆ ಕಡೆಯಿಂದ ಬಂತು. ಡಾಸ್ ಜೊತೆಗೇ ಬರುತ್ತಿದ್ದ ಸ್ಮಾರ್ಟ್‌ಡ್ರೈವ್ ಅನ್ನೋ ಪ್ರೋಗ್ರಾಂ ಬರೆಯಬೇಕಾದ್ದನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ಡಾಸ್ ಪ್ರಾಂಪ್ಟ್ ಬಂದ ಮೇಲೆ ನಿಧಾನಕ್ಕೆ ಡಿಸ್ಕಿಗೆ ಹಾಕುತ್ತಿತ್ತು. ಪ್ರಾಂಪ್ಟ್ ಕಂಡ ಕೂಡಲೇ ಆಫ್ ಮಾಡಿದ ಗುಮಾಸ್ತರ ಲೆಕ್ಕ ಅರ್ಧಂಬರ್ಧ. ಪಾರ್ಕ್ ಕಾಲಂ ತೆಗೆದು 'ಸ್ಮಾರ್ಟ್‌ಡ್ರೈವ್ ಸ್ಲ್ಯಾಶ್ ಸಿ ಕೊಟ್ಟಿರಾ' ಅಂತ ಹಾಕಿಸಿ ಸಾರ್ ಅಂತ ಕೇಳಿದೆ. ಅದು ಮೆಮೊರಿಯಲ್ಲಿ ಇರೋದನ್ನೆಲ್ಲ ಡಿಸ್ಕಿಗೆ ಬರೆಸುವ ಕಮಾಂಡು.

ಮ್ಯಾನೇಜರ್ ಬೀರು ಬಾಗಿಲು ತೆಗೆದು, ಒಳಗೆ ಜೋಡಿಸಿಟ್ಟಿದ್ದ ಕಾಲ್ ಶೀಟ್ ಪ್ಯಾಡುಗಳನ್ನ ತೋರಿಸಿದರು. "ಇವು ಮುಗೀಲಿ, ಆಮೇಲೆ ನೋಡೋಣ."